ಸರಾಸರಿ ತೆಗೆದ ಮೂರು ವಾರ

2023ರ ಜೂನ್ 12, ಸೋಮವಾರ, ಬೆಳಿಗ್ಗೆ ಐದೂ ಮುಕ್ಕಾಲು. ಬಲಮಗ್ಗುಲಿಗೆ ಹೊರಳಿದಾಗ ದಿಂಬಿನ ಅಂಚು ಕಿವಿಗೆ ತಾಗಿ, ಆ ನೋವಿಗೆ ಎಚ್ಚರವಾಯಿತು. ಬಚ್ಚಲುಮನೆಯ ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಿವಿ ಬೀಟ್‌ರೂಟ್ ಬಣ್ಣಕ್ಕೆ ತಿರುಗಿ ದಪ್ಪಗಾಗಿತ್ತು. ಆ ದಿನದ ಪುಟದಲ್ಲಿ ನಾನು ಮೊದಲು ಬರೆದದ್ದು ಇಷ್ಟೇ: "ಬಲಗಿವಿ ಊತ. ಸೊಳ್ಳೆ?" ಆ ಪ್ರಶ್ನೆಚಿಹ್ನೆಯ ಮುಂದೆ ಉತ್ತರ ಬರೆಯಲು 87 ದಿನ ಹಿಡಿಯಿತು.

ನನ್ನ ಹೆಸರು ಚೈತ್ರಾ. ಆಗ ನನಗೆ 25. ಜರಗನಹಳ್ಳಿಯಲ್ಲಿ ನಮ್ಮ ಸ್ವಂತ ಮನೆ. ಕೆಳಗೆ ಅಪ್ಪ, ಅಮ್ಮ, ನಾನು, ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆಯವರು. ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಗಣಿತ ಹೇಳಿಕೊಡುತ್ತೇನೆ. ಪಿಯುಸಿಯಿಂದಲೂ ದಿನಚರಿ ಇಡುವ ಅಭ್ಯಾಸ. ಎಷ್ಟು ಗಂಟೆ ನಿದ್ದೆ, ಎಷ್ಟು ಲೋಟ ನೀರು, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಲೆಕ್ಕ ತಪ್ಪಿದರು, ಎಲ್ಲವನ್ನೂ ಬರೆಯುತ್ತೇನೆ. ಈ ಅಭ್ಯಾಸವೇ ನನ್ನನ್ನು ಅಪಾಯಕ್ಕೆ ತಳ್ಳಿತು, ಇದೇ ಅಭ್ಯಾಸ ಈಗ ನನ್ನನ್ನು ಕಾಯುತ್ತಿದೆ. ಎರಡನ್ನೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅಂದು ಬೆಳಿಗ್ಗೆ ಅಮ್ಮ ಕಿವಿ ನೋಡಿದ ತಕ್ಷಣ ತೀರ್ಪು ಕೊಟ್ಟರು. "ನಿನ್ನೆ ನೆಂಟರ ಮದುವೆಗೆ ಆ ಜುಮುಕಿ ಹಾಕ್ಕೋಬೇಡ ಅಂದೆ, ಕೇಳಿದ್ಯಾ? ಚಿನ್ನ ಅಲ್ಲದ್ದು ನಮ್ಮನೆ ಹೆಣ್ಮಕ್ಕಳ ಕಿವಿಗೆ ಆಗ್ಬರಲ್ಲ."

"ಜುಮುಕಿ ಹಾಕೋದು ಕೆಳಗೆ ಅಮ್ಮ. ಊದಿರೋದು ಮೇಲೆ."

"ನಂಜು ಮೇಲಕ್ಕೆ ಏರುತ್ತೆ ಕಣೇ."

ಜುಮುಕಿ ಕೆಳಗೆ, ಊತ ಮೇಲೆ ಎಂಬ ನನ್ನ ಮಾತನ್ನೂ ಅಂದೇ ಬರೆದಿಟ್ಟಿದ್ದೆ. ಕಾಯಿಲೆಯ ಗುರುತು ಮೊದಲ ದಿನವೇ ನಮ್ಮ ಅಡುಗೆಮನೆಯಲ್ಲಿ ಬಾಯಿಗೆ ಬಂದಿತ್ತು. ಅದು ಗುರುತು ಎಂದು ನಮಗೆ ಗೊತ್ತಿರಲಿಲ್ಲ.

ಮುಂದಿನ ಹನ್ನೊಂದು ವಾರಗಳ ಲೆಕ್ಕ ಹೀಗಿದೆ: ಡಾಕ್ಟರುಗಳು ಮೂವರು, ಆಂಟಿಬಯಾಟಿಕ್ ನಾಲ್ಕು ಕೋರ್ಸ್. ಕಿವಿಯ ಸುತ್ತ ಹಚ್ಚಿದ ಬೆಳ್ಳುಳ್ಳಿ ಎಣ್ಣೆ ಅಮ್ಮನ ಪ್ರಕಾರ ಎರಡು ಸಲ, ನನ್ನ ಪುಸ್ತಕದ ಪ್ರಕಾರ ಒಂಬತ್ತು. ಊತ ತಾನಾಗಿ ಇಳಿಯುತ್ತಿತ್ತು, ತಾನಾಗಿ ಬರುತ್ತಿತ್ತು. ಜುಲೈನಲ್ಲಿ ಎಡಗಿವಿ. ಆಗಸ್ಟ್‌ನಲ್ಲಿ ಕಣ್ಣು ಕೆಂಪು, ಕನ್ನಡಕ ಕೂರುವ ಜಾಗದಲ್ಲಿ ಮೂಗಿನ ನೋವು. ರಾತ್ರಿ ಯಾವ ಮಗ್ಗುಲಿಗೂ ಮಲಗಲಾಗದೆ ಅಂಗಾತ ಮಲಗಿ ಫ್ಯಾನ್ ನೋಡುವುದು ರೂಢಿಯಾಯಿತು.

ಆಗಸ್ಟ್ 29ರಂದು ಜೆ.ಪಿ. ನಗರದ ಕಿವಿ-ಮೂಗು-ಗಂಟಲು ತಜ್ಞರೊಬ್ಬರು ನನ್ನ ಎರಡೂ ಕಿವಿಗಳನ್ನು ಟಾರ್ಚ್ ಹಾಕದೆ ಸುಮ್ಮನೆ ನೋಡುತ್ತಾ ಕೂತರು. ಬಳಿಕ ಕಿವಿಯ ಹಾಲೆಯನ್ನು ಹಿಡಿದು ಮೆಲ್ಲಗೆ ಎಳೆದರು. ನೋವಾಗಲಿಲ್ಲ.

"ಓಲೆ ಹಾಕೋ ಜಾಗ ಮಾತ್ರ ಊದಿಲ್ಲ, ಗಮನಿಸಿದ್ರಾ? ಅಲ್ಲಿ ಮೃದು ಎಲುಬು ಇಲ್ಲ. ಇರೋ ಕಡೆಯೆಲ್ಲ ಊದಿದೆ." ಮೂಗಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಕಣ್ಣಲ್ಲಿ ನೀರು ಬಂತು. "ಇದು ಇನ್‌ಫೆಕ್ಷನ್ ಅಲ್ಲ. ಇನ್ನು ಆಂಟಿಬಯಾಟಿಕ್ ತಗೋಬೇಡಿ. ರುಮಟಾಲಜಿಸ್ಟ್ ಹತ್ರ, ಅಂದ್ರೆ ಕೀಲುರೋಗದ ಡಾಕ್ಟರ್ ಹತ್ರ ಹೋಗಿ, ತಡ ಮಾಡ್ಬೇಡಿ."

'ತಡ ಮಾಡಬೇಡಿ' ಎಂದದ್ದನ್ನು ನಾನು ಕೆಂಪು ಇಂಕಿನಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 7, ಗುರುವಾರ. ಜಯನಗರದ ಒಂದು ಆಸ್ಪತ್ರೆ, ಮೊದಲ ಮಹಡಿ, ಟೋಕನ್ 31. ಅಪ್ಪ, ಅಮ್ಮ ಇಬ್ಬರೂ ಬಂದಿದ್ದರು. ಕಾಯುವ ಜಾಗದಲ್ಲಿ ಹತ್ತಿಪ್ಪತ್ತು ಜನ. ಬೆರಳುಗಳು ಸೊಟ್ಟಗಾದವರು, ಬಿಸಿಲಿಲ್ಲದಿದ್ದರೂ ದುಪ್ಪಟ್ಟ ಹೊದ್ದವರು, ಬಹಳಷ್ಟು ದುಂಡು ಮುಖಗಳು. ನನ್ನ ಪಕ್ಕದಲ್ಲಿ ಕೂತಿದ್ದ ಬನಶಂಕರಿಯ ಶಾರದಾ ಆಂಟಿಯ ಮುಖವನ್ನು ನಾನು ಕದ್ದು ನೋಡುತ್ತಿದ್ದದ್ದು ಅವರಿಗೆ ತಿಳಿದುಹೋಯಿತು.

"ಹೆದರ್ಕೋಬೇಡಮ್ಮ. ಈ ಮುಖ ನಂದಲ್ಲ, ಮಾತ್ರೇದು. ಒಳಗಡೆ ನಾನು ಸಣ್ಣಗೇ ಇದೀನಿ."

"ಎಷ್ಟು ವರ್ಷದಿಂದ ಆಂಟಿ?" ಎಂದೆ.

"ಹನ್ನೊಂದು. ನಂದು ಲೂಪಸ್ಸು. ಇಲ್ಲಿರೋ ಒಬ್ಬೊಬ್ಬರದ್ದು ಒಂದೊಂದು. ಆದ್ರೂ ನಾವೆಲ್ಲ ಒಂದೇ ಮನೆಯೋರ ಥರ, ಗುರುವಾರದೋರು." ಬ್ಯಾಗಿನಿಂದ ಕಲ್ಲುಸಕ್ಕರೆ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಬಾಯಲ್ಲಿಟ್ಕೋ. ಕರೆಯೋ ಹೊತ್ತಿಗೆ ಕರಗಿರುತ್ತೆ."

ಅವರ ಅಂದಾಜು ತಪ್ಪಿತ್ತು. ನಮ್ಮನ್ನು ಕರೆಯುವಷ್ಟರಲ್ಲಿ ನಾಲ್ಕು ಕಲ್ಲುಸಕ್ಕರೆ ಕರಗಿದ್ದವು.

ಡಾಕ್ಟರ್ ಮೇಡಂಗೆ ಸುಮಾರು ಐವತ್ತು ವರ್ಷ. ಚೀಟಿಯ ಹಿಂದೆ ಒಂದು ಮನುಷ್ಯಾಕೃತಿ ಬರೆದು ಮೃದು ಎಲುಬು ಇರುವ ಕಡೆಯೆಲ್ಲ ಚುಕ್ಕೆ ಇಟ್ಟರು: ಕಿವಿ, ಮೂಗು, ಪಕ್ಕೆಲುಬಿನ ತುದಿ, ಕೀಲು. ಕುತ್ತಿಗೆಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು.

"ಶ್ವಾಸನಾಳ ತೆರೆದುಕೊಂಡು ನಿಲ್ಲೋದೂ ಮೃದು ಎಲುಬಿನ ಉಂಗುರಗಳಿಂದಾನೇ. ಕಾಯಿಲೆ ಅಲ್ಲಿಗೆ ಇಳಿಯದ ಹಾಗೆ ನೋಡ್ಕೋಬೇಕು. ಅಷ್ಟೇ."

ಅವರು 'ಅಷ್ಟೇ' ಎಂದದ್ದು ನಮ್ಮನ್ನು ಸಮಾಧಾನಪಡಿಸಲು. ಆ ದಿನದಿಂದ ನಾನು ಉಗುಳು ನುಂಗುವಾಗಲೆಲ್ಲ ಗಂಟಲನ್ನು ಗಮನಿಸತೊಡಗಿದೆ.

ಕಾಯಿಲೆಯ ಹೆಸರು ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್. ತುಂಬಾ ಅಪರೂಪ, ಮೇಡಂ ತಮ್ಮ ಇಡೀ ವೃತ್ತಿಯಲ್ಲಿ ಕಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ತೋರಿಸಿದರು, ಹೆಬ್ಬೆರಳು ಉಳಿಯಿತು. ಅಪ್ಪ ಆ ಹೆಸರನ್ನು ನನ್ನಿಂದ ಬರೆಸಿಕೊಂಡು ಕಾರು ಪಾರ್ಕಿಂಗಿನಲ್ಲೇ ಕಲಿಯತೊಡಗಿದರು.

"ಬಾಡಿಗೆಗೆ ಬಂದ ನಾರ್ತ್‌ನೋರ ಹೆಸರೆಲ್ಲ ಕಲಿತಿಲ್ವಾ ನಾನು? ಇದನ್ನೂ ಕಲಿತೀನಿ ಬಿಡು. ರಿಲ್ಯಾಪ್ಸಿಂಗ್... ಪಾಲಿ..."

"ಕಲಿತು ಏನ್ ಮಾಡ್ತೀರಿ?" ಎಂದರು ಅಮ್ಮ.

"ಯಾರಾದ್ರೂ ಕೇಳಿದ್ರೆ ಹೇಳಕ್ಕಲ್ಲ. ಅದು ನಮ್ಮನೇಲಿದೆ. ಮನೇಲಿರೋನ ಹೆಸರು ಗೊತ್ತಿರಬೇಕು."

ಮೊದಲ ಔಷಧಿ ಸ್ಟೀರಾಯ್ಡ್, ದಿನಕ್ಕೆ 40 ಮಿಲಿಗ್ರಾಂ. ಮೂವತ್ತಾರು ಗಂಟೆಯಲ್ಲಿ ಕಿವಿ ತಣ್ಣಗಾಯಿತು. ಮೂರು ತಿಂಗಳ ನಂತರ ಮೊದಲ ಬಾರಿಗೆ ಮಗ್ಗುಲಾಗಿ ಮಲಗಿದೆ, ಪುಟದಲ್ಲಿ "ದಿಂಬು!" ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಆಮೇಲೆ ಹಸಿವು ಶುರುವಾಯಿತು, ನಿದ್ದೆ ಹೋಯಿತು, ಆರನೇ ವಾರಕ್ಕೆ ನನ್ನ ಮುಖವೂ ಗುರುವಾರದ ಮುಖವಾಯಿತು. ಟ್ಯೂಷನ್ನಿನ ಹುಡುಗಿಯರು "ಮಿಸ್, ಸ್ವಲ್ಪ ಚಬ್ಬಿ ಆಗಿದೀರ, ಕ್ಯೂಟ್" ಎಂದರು. ನಕ್ಕು ಬೋರ್ಡಿನ ಕಡೆ ತಿರುಗಿದೆ. ಸ್ಟೀರಾಯ್ಡ್ ಇಳಿಸಲು ಎರಡು ಸಲ ಪ್ರಯತ್ನಿಸಿದೆವು. ಎರಡು ಸಲವೂ 15ರ ಹತ್ತಿರ ಬರುತ್ತಿದ್ದಂತೆ ಕಿವಿ ಮತ್ತೆ ಬಿಸಿಯಾಯಿತು.

ನವೆಂಬರ್ 30ರಂದು ಮೇಡಂ ಇನ್ನೊಂದು ಚೀಟಿಯ ಹಿಂದೆ ಔಷಧಿಗಳ ಹೆಸರು ಒಂದರ ಕೆಳಗೊಂದು ಬರೆದರು. "ಈ ಕಾಯಿಲೆಗೇ ಅಂತ ಮಾಡಿರೋ ಔಷಧಿ ಇಲ್ಲ. ಇಷ್ಟು ಕಡಿಮೆ ಜನಕ್ಕೆ ಬರೋದ್ರಿಂದ ದೊಡ್ಡ ಪರೀಕ್ಷೆಗಳೂ ಆಗಿಲ್ಲ. ಬೇರೆ ಕಾಯಿಲೆ ಔಷಧಿಗಳನ್ನ ಎರವಲು ತರ್ತೀವಿ. ಯಾವುದು ನಿನಗೆ ಹಿಡಿಯುತ್ತೆ ಅಂತ ಮೊದಲೇ ಹೇಳೋಕೆ ಆಗಲ್ಲ. ಒಂದೊಂದೇ ನೋಡಬೇಕು."

ಗಣಿತದವಳಿಗೆ ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿಲ್ಲ. ಸೂತ್ರವಿಲ್ಲ, ಉತ್ತರ ಊಹಿಸಿ ಹಾಕಿ ನೋಡಬೇಕು. ಹಾಕಿ ನೋಡುವ ಜಾಗ ನನ್ನ ಮೈ.

ಮೊದಲು ಡ್ಯಾಪ್ಸೋನ್. ಅದಕ್ಕೂ ಮುಂಚೆ ನನ್ನ ರಕ್ತಕ್ಕೆ ಅದು ಒಗ್ಗುತ್ತದೆಯೇ ಎಂದು ಒಂದು ಪರೀಕ್ಷೆ ಮಾಡಿಸಿದರು. ಕುಮಾರಸ್ವಾಮಿ ಲೇಔಟಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟಾಗ ಅಂಗಡಿಯಾತ ನಾಲ್ಕು ಜನರ ಎದುರು ಜೋರಾಗಿ ಕೇಳಿದ: "ಇದು ಕುಷ್ಠರೋಗಕ್ಕೆ ಕೊಡೋದಲ್ವಾ ಅಂಕಲ್, ಯಾರಿಗೆ?" ಅಪ್ಪ ಚೀಟಿ ವಾಪಸು ತೆಗೆದುಕೊಂಡು ಹೊರಬಂದರು. ನಮ್ಮ ಕಡೆ ಮೆಡಿಕಲ್ ಶಾಪಿನ ಸುದ್ದಿ ಸಂಜೆಗೆ ಅತ್ತೆ-ಮಾವಂದಿರ ಮನೆಗಳನ್ನೆಲ್ಲ ಸುತ್ತಿ ಬರುತ್ತದೆ. ಅಂದಿನಿಂದ ನನ್ನ ಔಷಧಿಯನ್ನು ಜಯನಗರದಿಂದಲೇ ತಂದರು. ಮನೆಗೆ ಯಾರಾದರೂ ಬಂದರೆ ಕಾಣಬಾರದೆಂದು ಅಮ್ಮ ಅದನ್ನು ಹಳೆಯ ಏಲಕ್ಕಿ ಡಬ್ಬಿಗೆ ಹಾಕಿಟ್ಟರು. ಈಗಲೂ ಪಾಯಸದಲ್ಲಿ ಏಲಕ್ಕಿ ವಾಸನೆ ಬಂದರೆ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತೇನೆ.

ಹದಿನೆಂಟನೇ ದಿನ ತುಟಿ ನೀಲಿಗೆ ತಿರುಗಿತು, ಮೆಟ್ಟಿಲು ಹತ್ತಿದರೆ ತಲೆ ಸುತ್ತಿತು, ಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ ಇಳಿದಿತ್ತು. ಡ್ಯಾಪ್ಸೋನ್ ನಿಲ್ಲಿಸಿದರು.

ಎರಡನೆಯದು ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಬರೆಯುವ ಮುನ್ನ ಮೇಡಂ ಕೇಳಿದರು: "ಮದುವೆ ಮಾತುಕತೆ ಏನಾದ್ರೂ ನಡೀತಿದೆಯಾ? ಈ ಮಾತ್ರೆ ಇರೋವರೆಗೂ ಗರ್ಭಿಣಿ ಆಗೋ ಹಾಗಿಲ್ಲ."

ಅಪ್ಪ ತಕ್ಷಣ ಎದ್ದು "ಟೋಕನ್ ಎಷ್ಟಾಯ್ತು ನೋಡ್ಬರ್ತೀನಿ" ಎಂದು ಹೊರಟರು.

"ಕೂತ್ಕೊಳಿ ಸಾರ್, ನಿಮ್ಮ ಟೋಕನ್ ಆಗಿದೆ. ಒಳಗೇ ಇದೀರಲ್ಲ" ಎಂದರು ಮೇಡಂ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ತಿಂಗಳಲ್ಲಿ ಅಮ್ಮ ನಕ್ಕದ್ದು ಅದೊಂದೇ ಸಲ. ಮನೆಗೆ ಬಂದು ಆ ಮಾತ್ರೆಯನ್ನು ಕ್ಯಾನ್ಸರ್‌ಗೂ ಕೊಡುತ್ತಾರೆಂದು ಯಾರಿಂದಲೋ ತಿಳಿದ ಮೇಲೆ ಎರಡು ದಿನ ಮಾತ್ರೆಯ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೊದಲು ಕುಷ್ಠದ್ದು, ಈಗ ಕ್ಯಾನ್ಸರ್‌ದು. ನಿಂದು ಅಂತ ಒಂದೂ ಇಲ್ವೇನೇ?" ಎಂದರು ಕೊನೆಗೆ.

ಡಿಸೆಂಬರ್ 24ರಿಂದ ಭಾನುವಾರ ರಾತ್ರಿ ಊಟದ ನಂತರ ಮಾತ್ರೆ, ಸೋಮವಾರವೆಲ್ಲ ವಾಕರಿಕೆ. ಅದು ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿದಿನ ಹೇಗಿದ್ದೆ ಎಂದು ಬರೆದುಕೊಂಡು ಬಾ ಎಂದು ಮೇಡಂ ಹೇಳಿದರು.

ಬರೆದುಕೊಂಡು ಬಾ ಎಂದು ನನಗೆ ಹೇಳಿದರೆ ಕೇಳಬೇಕೇ? ದಿನಕ್ಕೆ ಮೂರು ಹೊತ್ತು, ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಎಂದರೆ ತೊಂದರೆಯಿಲ್ಲ, ಹತ್ತು ಎಂದರೆ ತಡೆಯಲಾಗದು. ಕಿವಿಗೆ ಒಂದು ಕಾಲಂ, ಮೂಗಿಗೆ ಒಂದು, ಕೀಲಿಗೆ ಒಂದು. ಜನವರಿ 11ರಂದು ನಾಲ್ಕನೆಯ ಕಾಲಂ ಸೇರಿಸಬೇಕಾಯಿತು. ಅದಕ್ಕೆ "ಗಂಟಲು" ಎಂದು ಬರೆದೆ. ಶ್ವಾಸನಾಳ ಎಂದು ಬರೆಯಲು ಕೈ ಬರಲಿಲ್ಲ.

ಬೆಳಿಗ್ಗೆ ಏಳುವಾಗ ದನಿ ಒಡೆದಿರುತ್ತಿತ್ತು. ಉಸಿರು ಬಿಡುವಾಗ ಕುಕ್ಕರು ಕೂಗುವ ಮೊದಲು ಸಣ್ಣಗೆ ಸುಯ್ಯೆನ್ನುತ್ತದಲ್ಲ, ಆ ಸದ್ದು. ಬಿಸಿನೀರು ಕುಡಿದು ಅರ್ಧ ಗಂಟೆ ಕೂತರೆ ಸರಿಹೋಗುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ, ಸಂಜೆ ತರಗತಿಯ ಹೊತ್ತಿಗೆ ಏನೂ ಇಲ್ಲ. ಬೆಳಿಗ್ಗೆ 7, ಮಧ್ಯಾಹ್ನ 2, ಸಂಜೆ 0. ಕೂಡಿಸಿದರೆ 9, ಮೂರರಿಂದ ಭಾಗಿಸಿದರೆ 3.

ಮೇಡಂಗೆ ಗಂಟಲೊಂದರದ್ದೇ ಮೂರು ವಾರದ ಅರವತ್ತಮೂರು ಅಂಕಿಗಳನ್ನು ಒಪ್ಪಿಸುವುದು ಅಚ್ಚುಕಟ್ಟಲ್ಲ ಎಂದುಕೊಂಡೆ. ದಿನಕ್ಕೊಂದು ಸರಾಸರಿ ತೆಗೆದು, ಸ್ಕೇಲಿನಲ್ಲಿ ಗೆರೆ ಎಳೆದು, ಒಂದೇ ಹಾಳೆಯಲ್ಲಿ ಇಳಿಸಿದೆ. ಒಂದು ಅಂಕಿಯೂ ಸುಳ್ಳಲ್ಲ. ಆದರೂ ಜನವರಿ 30ರ ಪುಟದ ಮೂಲೆಯಲ್ಲಿ ನನ್ನದೇ ಸಣ್ಣಕ್ಷರದಲ್ಲಿ ಹೀಗಿದೆ: "7 ನೋಡಿದರೆ ಮತ್ತೆ 40ಕ್ಕೆ ಏರಿಸುತ್ತಾರೆ. ಕುತ್ತಿಗೆ ಎನ್ನುತ್ತಾರೆ." ನಾನು ಸರಾಸರಿ ತೆಗೆದದ್ದು ಅಚ್ಚುಕಟ್ಟಿಗಾಗಿ ಮಾತ್ರವಲ್ಲ ಎಂದು ಆ ಸಾಲು ಹೇಳುತ್ತದೆ. ಚುಕ್ಕೆ ಇಟ್ಟ ಆ ಚಿತ್ರದಲ್ಲಿ ಪೆನ್ನು ನಿಂತ ಜಾಗವನ್ನು ನಾನು ಮುಚ್ಚಿಡುತ್ತಿದ್ದೆ.

ಫೆಬ್ರವರಿ 1, ಗುರುವಾರ. ಮೇಡಂ ಹಾಳೆ ನೋಡಿ ಮೆಚ್ಚಿದರು. "ಮೂರು, ಮೂರು, ಮೂರು, ಎರಡು. ಮಾತ್ರೆ ಹಿಡೀತಿದೆ ಅನ್ಸುತ್ತೆ. ಗಂಟಲು ಅಂದ್ರೆ ಏನು, ಕೆರೆತನಾ?"

"ಸ್ವಲ್ಪ ಕೆರೆತ ಮೇಡಂ" ಎಂದೆ. ಅದು ಮಾತ್ರ ಸುಳ್ಳು.

ಸ್ಟೀರಾಯ್ಡನ್ನು 15ರಿಂದ ವಾರಕ್ಕೆ ಎರಡೂವರೆಯಂತೆ ಇಳಿಸಲು ಬರೆದುಕೊಟ್ಟರು. ಫೆಬ್ರವರಿ 23ಕ್ಕೆ 5 ಆಯಿತು. ಕನ್ನಡಿಯಲ್ಲಿ ನನ್ನ ಹಳೆಯ ಗಲ್ಲ ಸ್ವಲ್ಪ ಕಂಡಿತು, ಖುಷಿಯಾಯಿತು.

ಫೆಬ್ರವರಿ 24, ಶನಿವಾರ, ಬೆಳಿಗ್ಗೆ ಆರೂ ಐವತ್ತು. ಅಮ್ಮ ಕೆಳಗೆ ಮೋಟರ್ ಹಾಕಿದ್ದರು. ಟ್ಯಾಂಕ್ ತುಂಬಿತೇ ಎಂದು ನೋಡಲು ನಾನು ತಾರಸಿಗೆ ಹತ್ತಿದೆ. ಕೊನೆಯ ಮೆಟ್ಟಿಲಲ್ಲಿ ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಯಾರೋ ಒದ್ದೆ ಬಟ್ಟೆಯನ್ನು ಗಂಟಲೊಳಗೆ ಹಿಂಡಿ ಹಿಡಿದಂತೆ ಇತ್ತು. ಬಲವಂತದಿಂದ ಬಿಟ್ಟರೆ ಸುಯ್ಯೆನ್ನುವ ಸದ್ದು, ಆ ಸದ್ದಿಗಿಂತ ಕಡಿಮೆ ಗಾಳಿ. ಬಟ್ಟೆ ಒಗೆಯುವ ಕಲ್ಲನ್ನು ಹಿಡಿದು ಬಾಗಿದೆ.

ಕೆಳಗಿನಿಂದ ಅಮ್ಮ ಕೂಗಿದರು. "ತುಂಬ್ತೇನೇ?"

ಉತ್ತರ ಕೊಡಲು ದನಿ ಇರಲಿಲ್ಲ.

"ಚೈತೂ! ತುಂಬ್ತಾ ಇಲ್ವಾ ಹೇಳೇ! ನೀರು ಸುಮ್ನೆ ಹರಿದುಹೋಗುತ್ತೆ!"

ಟ್ಯಾಂಕ್ ತುಂಬಿ ನೀರು ನನ್ನ ಕಾಲ ಬಳಿ ಹರಿಯುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಒಂದು ಸ್ಟೀಲ್ ಚೊಂಬು ಇತ್ತು. ಅದನ್ನು ತೆಗೆದು ನೀರಿನ ಕಬ್ಬಿಣದ ಪೈಪಿಗೆ ಹೊಡೆದೆ. ಒಂದು, ಎರಡು, ಮೂರು. ಎಣಿಸಿದೆ, ಎಣಿಸುತ್ತಿದ್ದರೆ ಬದುಕಿದ್ದೇನೆ ಎಂದು ಗೊತ್ತಾಗುತ್ತದೆ. ಹದಿನಾಲ್ಕಕ್ಕೆ ಅಮ್ಮ ಮೆಟ್ಟಿಲು ಹತ್ತುತ್ತಾ ಬೈಯುವುದು ಕೇಳಿಸಿತು. "ಪೈಪ್ ಒಡೆದುಹಾಕ್ತೀಯೇನೇ? ಬಾಯಿಲ್ವಾ ನಿಂಗೆ?" ಮೇಲೆ ಬಂದು ನನ್ನ ಮುಖ ನೋಡಿದರು. "ರೀ, ಕಾರು ತೆಗೀರಿ!" ಎಂದು ಕೆಳಕ್ಕೆ ಕೂಗಿದರು.

ಅಪ್ಪ ಬನಿಯನ್‌ನಲ್ಲೇ ಕಾರು ತೆಗೆದರು. ಕನಕಪುರ ರಸ್ತೆಯಲ್ಲಿ ನಾನು ಎಣಿಸಿದ ಸಿಗ್ನಲ್‌ಗಳು ಮೂರು. ಅಪ್ಪ ನಿಲ್ಲಿಸಿದ್ದು ಒಂದರಲ್ಲೂ ಇಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಬೆನ್ನು ನೀವುತ್ತಾ "ಬಿಡು, ಉಸಿರು ಬಿಡು, ತಗೊಂಡಿದ್ದು ಸಾಕು, ಬಿಡು" ಎನ್ನುತ್ತಲೇ ಇದ್ದರು. ಉಸಿರು ತಗೋ ಎನ್ನುವ ಬದಲು ಬಿಡು ಎಂದು ಅವರಿಗೆ ಹೇಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಎರಡು ದಿನದ ನಂತರ ಸ್ಕ್ಯಾನ್ ಅದನ್ನೇ ಹೇಳಿತು. ಉಸಿರು ಎಳೆದಾಗ ನಾಳ ತೆರೆದಿರುತ್ತಿತ್ತು, ಬಿಟ್ಟಾಗ ಗೋಡೆ ಒಳಗೆ ಕುಸಿಯುತ್ತಿತ್ತು.

ಐಸಿಯುನಲ್ಲಿ ನಾಲ್ಕು ದಿನ. ಮುಖಕ್ಕೆ ಬಿಗಿದ ಮಾಸ್ಕ್ ಗಾಳಿಯನ್ನು ಒಳಗೆ ಒತ್ತುತ್ತಿತ್ತು, ಸ್ಟೀರಾಯ್ಡ್ ರಕ್ತನಾಳದ ಮೂಲಕ ಹೋಗುತ್ತಿತ್ತು. ಇನ್ನೂ ಹೆಚ್ಚಾದರೆ ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಹಾಕಬೇಕಾಗಬಹುದು ಎಂದು ಅಪ್ಪನ ಸಹಿ ಪಡೆದಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು.

ಮೂರನೇ ದಿನ, ಸೋಮವಾರ, ಮೇಡಂ ಬಂದರು. ನನ್ನ ಹಾಳೆಯನ್ನು ಅವರು ಮರೆತಿರಲಿಲ್ಲ. "ಆ ಅಂಕಿಗಳನ್ನ ಎಲ್ಲಿಂದ ತೆಗೆದೆ? ಮೂಲ ಪುಸ್ತಕ ಇದೆಯಾ?" ಎಂದರು. ಅಮ್ಮ ಮನೆಯಿಂದ ತಂದುಕೊಟ್ಟರು. ಮೇಡಂ ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು ಜನವರಿಯ ಪುಟಗಳನ್ನು ಒಂದೊಂದಾಗಿ ತಿರುವಿದರು. ಬೆಳಗಿನ ಕಾಲಂ: 7, 7, 8, 6, 8, 7. ಮೂಲೆಯ ಸಣ್ಣಕ್ಷರವನ್ನೂ ಓದಿದರು ಎಂದು ಅವರ ಕನ್ನಡಕ ನಿಂತ ಜಾಗದಿಂದ ತಿಳಿಯಿತು.

"ಈ ಏಳು, ಎಂಟು ಎಲ್ಲ ಎಲ್ಲಿಗೆ ಹೋಯ್ತು?"

ಮಾಸ್ಕ್ ಸರಿಸಿ ಪಿಸುಗುಟ್ಟಿದೆ. "ಸರಾಸರಿಲಿ ಹೋಯ್ತು ಮೇಡಂ."

ಬೈಯುತ್ತಾರೆ ಎಂದುಕೊಂಡೆ. ಅವರು ಸ್ಟೂಲ್ ಎಳೆದುಕೊಂಡು ಕೂತರು. "ನಾನೂ ಕೇಳಬೇಕಿತ್ತು, ಕೆರೆತ ಅಂದಾಗ ಸುಮ್ಮನಾದೆ. ನೋಡಮ್ಮ, ನಿನ್ನ ಗಂಟಲಿಗೆ ಸರಾಸರಿ ಗೊತ್ತಿಲ್ಲ. ದಿನದಲ್ಲಿ ಇಪ್ಪತ್ತಮೂರೂವರೆ ಗಂಟೆ ಚೆನ್ನಾಗಿದ್ರೂ ಉಳಿದ ಅರ್ಧ ಗಂಟೆ ಸಾಕು. ಇನ್ಮೇಲೆ ನನಗೆ ಆ ಅರ್ಧ ಗಂಟೆ ತೋರ್ಸು."

ಅಳು ಬಂದರೂ ಅಳಲಿಲ್ಲ. ಅಳಲು ಬೇಕಾದಷ್ಟು ಉಸಿರು ನನ್ನಲ್ಲಿರಲಿಲ್ಲ.

ಮುಂದಿನ ಔಷಧಿಯ ಆಯ್ಕೆ ನಡೆದದ್ದು ವಾರ್ಡಿನಲ್ಲಿ. ಒಂದು, ಸೈಕ್ಲೊಫಾಸ್ಫಮೈಡ್: ಬಲವಾದದ್ದು, ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು. ಇನ್ನೊಂದು, ಟೊಸಿಲಿಜುಮಾಬ್ ಎಂಬ ತಿಂಗಳ ಡ್ರಿಪ್: ಸೋಂಕಿನ ಭಯ, ಮೊದಲು ಕ್ಷಯದ ಪರೀಕ್ಷೆ ಆಗಬೇಕು, ನನಗೆ ಹಿಡಿಯುತ್ತದೆಂಬ ಖಾತ್ರಿ ಇಲ್ಲ. ಇವಳ ಗಂಟಲಿನ ಸ್ಥಿತಿಯಲ್ಲಿ ನಾನು ಡ್ರಿಪ್ ಕಡೆ ವಾಲುತ್ತೇನೆ, ನೀವೂ ಯೋಚಿಸಿ ಎಂದು ಹೇಳಿ ಮೇಡಂ ಹೋದರು.

ಅಮ್ಮ ಕೇಳಿದ ಮೊದಲ ಪ್ರಶ್ನೆ: "ಇದು ಯಾವ ಕಾಯಿಲೇದು?"

ಮಾತಾಡಬಾರದೆಂದು ಹೇಳಿದ್ದರಿಂದ ಪುಸ್ತಕದಲ್ಲಿ ಬರೆದು ತೋರಿಸಿದೆ: "ಕೀಲುವಾತ."

"ಸದ್ಯ! ನಮ್ಮತ್ತೆಗೂ ಇತ್ತಲ್ಲ ಅದು" ಎಂದರು ಅಮ್ಮ, ನೆಂಟರ ಪೈಕಿ ಯಾರೋ ಸಿಕ್ಕಂತೆ. ಆಮೇಲೆ "ಮುಂದಿನ ಭಾನುವಾರ ಅಮಾವಾಸ್ಯೆ. ಅದು ಕಳೆದ ಮೇಲೆ ಹಾಕಿಸೋಣ" ಎಂದರು.

ಅಪ್ಪ ಸಾಮಾನ್ಯವಾಗಿ ಇಂಥ ವಿಷಯಕ್ಕೆ ಬಾಯಿ ಹಾಕುವವರಲ್ಲ. ಅಂದು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಅವಳು ಉಸಿರು ಬಿಡೋಕೆ ಒದ್ದಾಡ್ತಿದ್ಲು, ಅವತ್ತು ಯಾವ ತಿಥಿ ನೋಡಿದ್ಯಾ? ಡಾಕ್ಟ್ರು ಯಾವತ್ತು ಅಂತಾರೋ ಅವತ್ತು."

ಮಾರ್ಚ್ 9, ಶನಿವಾರ, ಶಿವರಾತ್ರಿಯ ಮಾರನೆಯ ದಿನ, ಮೊದಲ ಡ್ರಿಪ್. ಅಮ್ಮ ಜಾಗರಣೆ ಮುಗಿಸಿ, ಸ್ನಾನ ಮಾಡಿ, ನೇರ ಆಸ್ಪತ್ರೆಗೆ ಬಂದಿದ್ದರು. ಔಷಧಿ ಹನಿಹನಿಯಾಗಿ ಇಳಿಯಲು ಒಂದು ಗಂಟೆ. ಮೈ ಕೆಂಪಾದರೆ, ಉಸಿರು ಕಟ್ಟಿದರೆ ಕೂಡಲೇ ಹೇಳಿ ಎಂದು ನರ್ಸ್ ಹೇಳಿ ಹೋಗಿದ್ದರು. ಅಮ್ಮ ಇಡೀ ಗಂಟೆ ನನ್ನ ಮುಖವನ್ನು ನೋಡುತ್ತಾ ಕೂತರು, ರೆಪ್ಪೆ ಭಾರವಾದಾಗಲೆಲ್ಲ ತಮ್ಮ ಕೈಯನ್ನು ತಾವೇ ಚಿವುಟಿಕೊಳ್ಳುತ್ತಾ. ಒಂಬತ್ತು ಸಲ ಚಿವುಟಿಕೊಂಡರು. ನನಗೆ ಏನೂ ಆಗಲಿಲ್ಲ.

ಮೇಡಂ ಒಂದು ವಿಷಯ ಮೊದಲೇ ಎಚ್ಚರಿಸಿದ್ದರು. ಈ ಡ್ರಿಪ್ ಪಡೆಯುವವರಲ್ಲಿ ಸೋಂಕಾದರೂ ಜ್ವರ ಬರದೆ ಇರಬಹುದು, ರಕ್ತಪರೀಕ್ಷೆಯಲ್ಲಿ ಉರಿಯೂತದ ಅಂಕಿ ಏರದೆ ಇರಬಹುದು. "ಲ್ಯಾಬ್ ರಿಪೋರ್ಟ್ ಎಲ್ಲ ಸರಿ ಇದೆ ಅನ್ನುತ್ತೆ. ಆಗ ನನಗಿರೋದು ನಿನ್ನ ಪುಸ್ತಕ ಒಂದೇ." ದಿನವೂ ಒಂದೇ ಹೊತ್ತಿಗೆ, ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲೆ ಎಂದು ನೋಡಿ ಬರೆಯಲು ಹೇಳಿದರು.

ಒಂದು, ಎರಡು ಎಂದು ಎಣಿಸಲು ನನಗೆ ಮನಸ್ಸಾಗಲಿಲ್ಲ. ಹದಿನೇಳರ ಮಗ್ಗಿ ಹಿಡಿದೆ. ಚಿಕ್ಕಂದಿನಲ್ಲಿ ನನಗೆ ಅತ್ಯಂತ ತಡವಾಗಿ ಬಂದ ಮಗ್ಗಿ ಅದು. ಬೆಳಿಗ್ಗೆ ಐದೂ ಮುಕ್ಕಾಲಿಗೆ, ಹಾಸಿಗೆಯಲ್ಲಿ ಎದ್ದು ಕೂತು, ಬಿಸಿನೀರು ಕುಡಿಯುವ ಮುಂಚೆ, ಅಂದರೆ ದಿನದ ಅತಿ ಕೆಟ್ಟ ಗಳಿಗೆಯಲ್ಲಿ, ಒಂದೇ ಉಸಿರಿಗೆ ಗಟ್ಟಿಯಾಗಿ: ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಮೊದಲ ದಿನ ಐವತ್ತೊಂದಕ್ಕೆ ಉಸಿರು ಮುಗಿಯಿತು. ಅಂದರೆ ಮೂರು ಸಾಲು. ಏಪ್ರಿಲ್ ಕೊನೆಗೆ ಐದು. ಜುಲೈಗೆ ಎಂಟು. ಸೆಪ್ಟೆಂಬರ್‌ನಲ್ಲಿ ಒಂದು ದಿನ ನೂರ ಎಪ್ಪತ್ತು ಮುಟ್ಟಿದಾಗ ಅಡುಗೆಮನೆಯಲ್ಲಿ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಅಲ್ಲಿಯವರೆಗೆ ಪ್ರತಿದಿನ ಅಮ್ಮ ಹಾಲಿನ ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತು ಕೇಳುತ್ತಿದ್ದರೆಂದು ನನಗೆ ಆಗ ತಿಳಿಯಿತು. ಓದಿದ್ದು ಏಳನೇ ತರಗತಿಯಾದರೂ ಈಗ ಅವರಿಗೂ ಹದಿನೇಳರ ಮಗ್ಗಿ ಬಾಯಿಗೆ ಬರುತ್ತದೆ.

ಕಾಯಿಲೆ ಹೋಗಿಲ್ಲ. ಇದನ್ನು ಬರೆಯುವ ಹೊತ್ತಿಗೆ ಡ್ರಿಪ್ 22 ಆಗಿವೆ, ಸ್ಟೀರಾಯ್ಡ್ 5ರಲ್ಲಿ ನಿಂತಿದೆ. ಬೆಳಗಿನ ಬ್ಯಾಚಿನ ಪಾಠ ಬಿಟ್ಟಿದ್ದೇನೆ, ಸಂಜೆಯದು ಮಾತ್ರ. ಹೆದರಿಕೆಯೂ ಹೋಗಿಲ್ಲ, ಶೀತವಾದವರು ಲಿಫ್ಟಿನೊಳಗೆ ಬಂದರೆ ನಾನು ಮೆಟ್ಟಿಲು ಹಿಡಿಯುತ್ತೇನೆ, ಮೆಟ್ಟಿಲಿನ ಕೊನೆಗೆ ಬಂದಾಗ ತಾರಸಿಯ ನೆನಪಾಗುತ್ತದೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಮಗ್ಗಿ ನೂರಾ ಎರಡಕ್ಕೆ ನಿಂತಿತು. ಆರು ಸಾಲು. ಹಿಂದಿನ ದಿನ ಹತ್ತು ಬಂದಿತ್ತು. ಜ್ವರ ಇರಲಿಲ್ಲ. ಪೆನ್ನು ತೆಗೆದೆ. ಸಂಜೆ ಇನ್ನೊಮ್ಮೆ ನೋಡಿ ಎರಡರ ನಡುವಿನದನ್ನು ಬರೆಯೋಣ ಎಂದು ಮನಸ್ಸು ಹೇಳಿತು; ಆ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಆರು ಎಂದೇ ಬರೆದು, ಪುಟದ ಫೋಟೊ ತೆಗೆದು ಮೇಡಂಗೆ ಕಳುಹಿಸಿದೆ. ಹನ್ನೊಂದಕ್ಕೆ ಅವರೇ ಫೋನ್ ಮಾಡಿ ಕರೆಸಿಕೊಂಡರು. ರಕ್ತಪರೀಕ್ಷೆ ಎಲ್ಲ ಸರಿ ಇದೆ ಎಂದಿತು, ಎದೆಯ ಎಕ್ಸ್‌ರೇ ಸರಿ ಇಲ್ಲ ಎಂದಿತು. ಶ್ವಾಸಕೋಶದ ಒಂದು ಮೂಲೆಯಲ್ಲಿ ಸೋಂಕು ಆಗಷ್ಟೇ ಶುರುವಾಗಿತ್ತು. ಹತ್ತು ದಿನದಲ್ಲಿ ವಾಸಿಯಾಯಿತು.

ಆ ದಿನ ಕಾಯುವ ಜಾಗದಲ್ಲಿ ಶಾರದಾ ಆಂಟಿ ಸಿಕ್ಕರು, ಕಲ್ಲುಸಕ್ಕರೆ ಕೊಟ್ಟರು. ನಮ್ಮ ಎದುರು ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಅವಳು ನನ್ನ ದುಂಡು ಮುಖವನ್ನು ಕದ್ದು ನೋಡುತ್ತಿದ್ದಳು. ನಾನು ಅವಳ ಅಂಗೈಯಲ್ಲಿ ಕಲ್ಲುಸಕ್ಕರೆ ಇಟ್ಟೆ.

ಇನ್ನು ನನಗೆ ಗೊತ್ತಿಲ್ಲದ್ದು. ಈ ಡ್ರಿಪ್‌ನ ನಡುವಿನ ಅಂತರವನ್ನು ಯಾರಾದರೂ ಆರು ವಾರ, ಎಂಟು ವಾರಕ್ಕೆ ಹೆಚ್ಚಿಸಿದ್ದೀರಾ? ಹೆಚ್ಚಿಸಿದಾಗ ಗಂಟಲು ತಡೆಯಿತೇ? ಸ್ಟೀರಾಯ್ಡನ್ನು ಪೂರ್ತಿ ಬಿಟ್ಟವರಿದ್ದೀರಾ? ಡ್ಯಾಪ್ಸೋನ್ ಒಗ್ಗಿದವರು ಇದ್ದೀರಾ? ಈ ಕಾಯಿಲೆ ಇಟ್ಟುಕೊಂಡು ಮಗು ಹೆತ್ತವರು ಯಾರಾದರೂ? ಕೊನೆಯ ಪ್ರಶ್ನೆ ಅಮ್ಮನದು, ನನ್ನದೂ ಹೌದು. ನನ್ನ ಕಥೆ ಓದಿ ನಿಮ್ಮ ಔಷಧಿ ಬದಲಿಸಬೇಡಿ, ಅದು ನಿಮ್ಮ ಡಾಕ್ಟರ ಕೆಲಸ. ಆದರೆ ಇದರ ಬಗ್ಗೆ ನನಗಿಂತ ಹೆಚ್ಚು ತಿಳಿದವರು, ಅನುಭವಿಸಿದವರು, ಅನುಭವಿಸಿದವರನ್ನು ನೋಡಿಕೊಂಡವರು ದಯವಿಟ್ಟು ಸಂಪಾದಕರ ಮೂಲಕ ನನಗೆ ಬರೆಯಿರಿ. ಬರೆಯುವಾಗ "ಒಟ್ಟಿನಲ್ಲಿ ಪರವಾಗಿಲ್ಲ" ಎಂದು ಬರೆಯಬೇಡಿ. ನಿಮ್ಮ ಅತಿ ಕೆಟ್ಟ ಬೆಳಗು ಯಾವುದು, ಅಂದು ಎಷ್ಟು ಗಂಟೆಯಾಗಿತ್ತು, ಉಸಿರು ಎಲ್ಲಿಯವರೆಗೆ ಬಂತು, ಅದನ್ನು ಇದ್ದ ಹಾಗೆ ಬರೆಯಿರಿ.